ಕೆರೆಗೆ ಒಂದು ಸುತ್ತು

ಇವತ್ತು ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಪೂರ್ತಿ ಒಂದು ಸುತ್ತು ಹಾಕಿದೆ. ನಡುವೆ ಮೂರು ಸಲ ಕೂತೆ. ವಾಕಿಂಗ್‌ಗೆ ಬಂದ ತಾತಂದಿರೆಲ್ಲ ನನ್ನನ್ನು ದಾಟಿ ಹೋದರು. ಹೋಗಲಿ ಬಿಡಿ. ಹೋದ ವರ್ಷ ಈ ಹೊತ್ತಿಗೆ ಬಚ್ಚಲಿಗೆ ಹೋಗಿ ಬರುವುದೇ ನನಗೆ ದೊಡ್ಡ ಪ್ರಯಾಣವಾಗಿತ್ತು. ಮೈಯೆಲ್ಲ ಅಷ್ಟು ನೋವು.

ಊಟ ಕಳಿಸಿದ ಎದುರುಮನೆಯವರು, ಒಂದು ಮಾತೂ ಆಡದೆ ನನ್ನ ಪೀರಿಯಡ್‌ ತಗೊಂಡ ಸ್ಕೂಲಿನ ಗೆಳತಿಯರು, ಕುಕ್ಕರ್ ಇಡಲು ಕಲಿತ ನನ್ನ ಗಂಡ, ಎಲ್ಲರಿಗೂ ಥ್ಯಾಂಕ್ಸ್. "ರಿಪೋರ್ಟ್ ಎಲ್ಲ ನಾರ್ಮಲ್, ಹಾಗಂತ ನಿಮ್ಮ ನೋವು ಸುಳ್ಳಲ್ಲ" ಎಂದ ಡಾಕ್ಟರಿಗೂ. ಮೈಯೆಲ್ಲ ನೋಯುತ್ತಲೇ ಇರುವ ಈ ಕಾಯಿಲೆಯ ಹೆಸರು ಫೈಬ್ರೊಮಯಾಲ್ಜಿಯ ಅಂತ ಮೊದಲು ಕೇಳಿದ್ದು ಅವರ ಬಾಯಲ್ಲೇ. ಇದನ್ನು ಗುರುತಿಸುವ 1990ರ ನಿಯಮದಲ್ಲಿ ಮೈಯ 18 ಜಾಗ ಒತ್ತಿ, 11 ಕಡೆಯಾದರೂ ನೋವಾಗುತ್ತಾ ಅಂತ ನೋಡುತ್ತಿದ್ದರಂತೆ. 2010ರ ನಿಯಮದಲ್ಲಿ ಒತ್ತುವುದನ್ನು ಬಿಟ್ಟು ನಿದ್ದೆ, ಸುಸ್ತು, ಮರೆವು ಕೇಳಲು ಶುರು ಮಾಡಿದರು. ನನ್ನನ್ನು ಯಾರೂ ಒತ್ತಲಿಲ್ಲ, ಪುಣ್ಯ.

ಇನ್ನು ನನ್ನ ವಾರಗಿತ್ತಿ.

ಅಕ್ಕ ಮದ್ದೂರಿನ ಕಡೆಯವರು. ನಮ್ಮಿಬ್ಬರದು ಅಷ್ಟಕ್ಕಷ್ಟೇ. "ಕೆಲ್ಸ ಅಂದ್ರೆ ಸಾಕು, ಇವಳಿಗೆ ನೋವು ಬತ್ತದೆ" ಅಂದಿದ್ದೂ ಅವರೇ. ಹೋದ ದಸರಾಕ್ಕೆ ಜಂಬೂಸವಾರಿ ನೋಡಲು ಬಂದಿದ್ದರು. ಆಯುಧಪೂಜೆ ರಾತ್ರಿ ಮನೆಯವರೆಲ್ಲ ಲೈಟಿಂಗ್ ನೋಡಲು ಹೋದರು, ಅಕ್ಕ ಯಾಕೋ ಹೋಗಲಿಲ್ಲ. ನನಗೆ ಹೊದಿಕೆ ತಗುಲಿದರೂ ಉರಿ. ಕಾಲು ಒತ್ತಲು ಬಂದರು, ಕಿರುಚಿದೆ. ಕೈ ತೆಗೆದರು. "ಸತ್ತುಹೋಗೋಣ ಅನ್ನಿಸ್ತಿದೆ ಅಕ್ಕ" ಅಂದೆ. ಇದು ನನ್ನ ಗಂಡನಿಗೂ ಈಗಲೇ ಗೊತ್ತಾಗುವುದು.

ಅವರು ಬುದ್ಧಿ ಹೇಳಲಿಲ್ಲ. ಹರಕೆ ಅನ್ನಲಿಲ್ಲ. ನೆಲದ ಮೇಲೆ ಕೂತು ಸುಮ್ನೆ ಮಾತು ತೆಗೆದರು. ಡೇರಿಯಲ್ಲಿ ಫ್ಯಾಟು ಕಮ್ಮಿ ಬಂದಿದ್ದು, ನಾಲೆಗೆ ನೀರು ಬಿಡದೇ ಇದ್ದಿದ್ದು, ಕಬ್ಬು ಕಡಿಯಲು ಆಳು ಸಿಗದಿದ್ದು. ನಾನು ಹೂಂ ಅನ್ನುವುದನ್ನು ನಿಲ್ಲಿಸಿದರೆ "ಕೇಳುಸ್ಕತಿದ್ದೀಯಾ?" ಅನ್ನುತ್ತಿದ್ದರು. ಬೆಳಗಿನ ಜಾವದವರೆಗೂ ಹೀಗೇ. ಮಾರನೇ ದಿನ ಜಂಬೂಸವಾರಿಯನ್ನು ನನ್ನ ಪಕ್ಕ ಕೂತು ಟೀವಿಯಲ್ಲೇ ನೋಡಿದರು.

ಎರಡು ವಾರ ಉಳಿದರು. ಅವರ ಬ್ಯಾಗಿನಲ್ಲಿ ಹಾಲಿನ ಲೆಕ್ಕದ ಪುಸ್ತಕ ಇತ್ತು. ಅದರ ಹಿಂದಿನ ಹಾಳೆಗಳಲ್ಲಿ ನಾನು ಮಾಡಿದ ಕೆಲಸ, ಮಲಗಿದ ಹೊತ್ತು, ನೋವು ಎಲ್ಲ ಬರೆದರು. ಒಂದು ದಿನ ಮೈ ಹಗುರ ಅನ್ನಿಸಿದರೆ ನಾನು ಒಗೆಯುವುದು, ಒರೆಸುವುದು ಎಲ್ಲ ಮಾಡಿಬಿಡುತ್ತೇನೆ, ಮಾರನೇ ದಿನ ಏಳುವುದಿಲ್ಲ. ಅದನ್ನು ಹಿಡಿದಿದ್ದು ಅಕ್ಕ. "ಎತ್ತು ಗಟ್ಟಿಯಾಗೈತೆ ಅಂತ ಹೊತ್ತು ಮುಳುಗೋಗಂಟ ಹೂಡ್ತಾರೇನವ್ವ?" ಅಂದರು. ಆಮೇಲೆ ಡಾಕ್ಟರ್ ಹೇಳಿದ್ದೂ ಅದೇ, ದಿನಾ ಸ್ವಲ್ಪ, ನಿಧಾನಕ್ಕೆ ಜಾಸ್ತಿ. ಐದು ನಿಮಿಷದ ನಡಿಗೆಯಿಂದ ಶುರು ಮಾಡಿದ್ದೆ.

ನೋವು ಹೋಗಿಲ್ಲ. ಇಷ್ಟು ಟೈಪ್ ಮಾಡುವಾಗಲೇ ಎರಡು ಸಲ ನಿಲ್ಲಿಸಿದೆ. ಅಕ್ಕ, ನಾಳೆ ಕೆರೆ ಕಡೆ ಹೋಗಲ್ಲ, ಬೈಬೇಡಿ. ನೀವು ಬಿಟ್ಟುಹೋದ ಪುಸ್ತಕ ತುಂಬಿದೆ. ದಸರಾಕ್ಕೆ ಬರುವಾಗ ಇನ್ನೊಂದು ತನ್ನಿ.