ನಿವೃತ್ತಿಯ ಹೊತ್ತಲ್ಲಿ, 2022ರ ನನ್ನ ಮಕ್ಕಳಿಗೆ

ಈ ತಿಂಗಳು ಉಪನ್ಯಾಸಕಿ ಕೆಲಸದಿಂದ ನಿವೃತ್ತಳಾದೆ. ಹಾರೈಸಿದ ಎಲ್ಲರಿಗೂ ವಂದನೆ. ಕೆಲವರಿಗೆ ಮಾತ್ರ ಬೇರೆಯಾಗಿಯೇ ಕೈಮುಗಿಯಬೇಕು. ಅವರೆಲ್ಲ 2022ರಲ್ಲಿ ನಮ್ಮ ಪಿಯು ಕಾಲೇಜಿನಲ್ಲಿ ಇದ್ದವರು.

ಹಿಜಾಬ್ ಗದ್ದಲದ ಆ ಫೆಬ್ರವರಿ ನೆನಪಿದೆ ಅಲ್ವಾ? 5ನೇ ತಾರೀಕು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. ಪಿಯು ಕಾಲೇಜಲ್ಲಿ ಸಮವಸ್ತ್ರ ಯಾವುದು ಎಂಬುದನ್ನು ಕಾಲೇಜು ಅಭಿವೃದ್ಧಿ ಸಮಿತಿ ತೀರ್ಮಾನಿಸಬೇಕಿತ್ತು. ಸರ್ಕಾರಿ ಕಾಲೇಜುಗಳಲ್ಲಿ ಆ ಸಮಿತಿಗೆ ಶಾಸಕರೇ ಅಧ್ಯಕ್ಷರು. ಹೀಗಿದ್ದ ಮೇಲೆ ರಾಜಕೀಯ ಗೇಟಿನ ಹೊರಗೆ ನಿಲ್ಲುತ್ತದೆಯೇ? 10ರಂದು ಹೈಕೋರ್ಟಿನ ಮಧ್ಯಂತರ ಆದೇಶ: ಸಮವಸ್ತ್ರ ಇರುವ ಕಡೆ ತರಗತಿಯಲ್ಲಿ ಹಿಜಾಬೂ ಬೇಡ, ಕೇಸರಿ ಶಾಲೂ ಬೇಡ. 16ರಂದು ಕಾಲೇಜು ತೆರೆದಾಗ ನನ್ನ ಅಕೌಂಟೆನ್ಸಿ ಕ್ಲಾಸಿನ ಮುಂದಿನ ಬೆಂಚು ಖಾಲಿ.

ಅದರ ಹಿಂದಿನ ಬೆಂಚಿನ ಹುಡುಗಿಯರೇ, ಬೋರ್ಡ್ ಮೇಲಿನ ಲೆಕ್ಕಗಳನ್ನೆಲ್ಲ ಫೋಟೊ ತೆಗೆದು ಗೆಳತಿಯರಿಗೆ ಕಳಿಸಿದಿರಿ. ಯಾರೂ ಹೇಳಿಕೊಟ್ಟಿರಲಿಲ್ಲ. "ಅವರ ಉಸಾಬರಿ ನಿಮಗ್ಯಾಕೆ" ಅಂದವರಿಗೆ "ಪರೀಕ್ಷೆ ಇದೆಯಲ್ಲ" ಅಂತಷ್ಟೇ ಹೇಳಿದಿರಿ. ಅಷ್ಟು ಗದ್ದಲದಲ್ಲಿ ನಾನು ಕೇಳಿದ ಅತ್ಯಂತ ನೇರ ಮಾತು ಅದು.

ಎಕನಾಮಿಕ್ಸ್ ಸರ್, ನಿಮಗೂ. ಸಮವಸ್ತ್ರ ಅಂದರೆ ಎಲ್ಲರಿಗೂ ಒಂದೇ ಎಂಬುದು ನಿಮ್ಮ ವಾದ. ತಲೆ ಮೇಲಿನ ಬಟ್ಟೆಯಿಂದ ಪಾಠಕ್ಕೆ ಅಡ್ಡಿಯಿಲ್ಲ ಎಂಬುದು ನನ್ನದು, ಇವತ್ತಿಗೂ. ಸ್ಟಾಫ್ ರೂಮಲ್ಲಿ ಎಷ್ಟು ಜಗಳ ಆಡಿದ್ದೇವೆ! ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಒಮ್ಮತಕ್ಕೆ ಬರಲಿಲ್ಲ. ಸರ್ಕಾರದ ಆದೇಶ ಸರಿ ಎಂದಿದ್ದ ಹೈಕೋರ್ಟಿನ ಅಂತಿಮ ತೀರ್ಪನ್ನು ಹೇಮಂತ್ ಗುಪ್ತಾ ಎತ್ತಿಹಿಡಿದರು, ಸುಧಾಂಶು ಧುಲಿಯಾ ತಳ್ಳಿಹಾಕಿದರು. ನಾವಿಬ್ಬರೂ ಹಾಗೇ ಉಳಿದೆವು. ಆದರೆ ಮನೆಯಲ್ಲೇ ಉಳಿದ ಹುಡುಗಿಯರಿಗೆ ಸಂಜೆ ಫೋನಿನಲ್ಲಿ ಪಾಠ ಹೇಳಿದವರು ನೀವು. ಅದನ್ನು ಯಾರಿಗೂ ಹೇಳಿಕೊಳ್ಳಲೂ ಇಲ್ಲ. ನಾನು ಹೇಳುತ್ತಿದ್ದೇನೆ, ಬೇಜಾರಾಗಬೇಡಿ.

ಇನ್ನು ಆ ಮುಂದಿನ ಬೆಂಚಿನವರು. ಗೇಟಿನ ಬಳಿ ಹಿಜಾಬ್ ತೆಗೆದಿಟ್ಟು ಒಳಗೆ ಬಂದವರಿಗೆ, ಆಗಲ್ಲ ಅಂತ ಟಿಸಿ ಪಡೆದು ಬೇರೆ ಕಾಲೇಜು ಸೇರಿದವರಿಗೆ, ಇಬ್ಬರಿಗೂ ನನ್ನ ಪ್ರೀತಿ. ನಂಬಿಕೆಯೋ ಓದೋ ಎಂಬ ಪ್ರಶ್ನೆಯನ್ನು ಅಷ್ಟು ಚಿಕ್ಕ ವಯಸ್ಸಿನವರ ಮುಂದೆ, ಅದೂ ಕ್ಯಾಮೆರಾ ಹಿಡಿದು, ಯಾರೂ ಇಡಬಾರದಿತ್ತು. ಅಷ್ಟಾದರೂ ಪುಸ್ತಕ ಕೆಳಗಿಡಲಿಲ್ಲ ನೀವು. ನಿಮ್ಮ ಓದು ಬಿಡಿಸದ ಅಮ್ಮಂದಿರಿಗೆ ನನ್ನ ನಮಸ್ಕಾರ ತಿಳಿಸಿ.

ಅರ್ಧಕ್ಕೇ ನಿಲ್ಲಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಫೋನ್ ಮಾಡಿ. ನನ್ನ ನಂಬರ್ ಬದಲಾಗಿಲ್ಲ. ಈಗ ಸಮಯವೂ ಜಾಸ್ತಿ ಇದೆ. ಪರೀಕ್ಷೆ ಕಟ್ಟಿ, ಅಕೌಂಟೆನ್ಸಿ ನಾನು ಹೇಳಿಕೊಡುತ್ತೇನೆ.