ಬಸ್ಸಿನ ಹಿಂಚಕ್ರದ ಲೆಕ್ಕ

ಮಾನ್ಯರೆ,

ಸೈಕಲ್ ಸವಾರರು, ಬಸ್ ಚಾಲಕರ ಜಗಳದಲ್ಲಿ ಬೈಗುಳ ಹೆಚ್ಚು, ಅಳತೆಯ ಮಾತು ಕಡಿಮೆ. ನಗರದ ದೊಡ್ಡ ಬಸ್ಸು ಸುಮಾರು 12 ಮೀಟರ್ ಉದ್ದ, 2.5 ಮೀಟರ್ ಅಗಲ. ತಿರುವಿನಲ್ಲಿ ಹಿಂಚಕ್ರ ಮುಂಚಕ್ರದ ಜಾಡು ಹಿಡಿಯದೆ ಒಳಕ್ಕೆ, ಫುಟ್‌ಪಾತ್ ಅಂಚಿನತ್ತ ಸರಿಯುತ್ತದೆ. ಮೂಲೆ ಸಿಗಲೆಂದು ಚಾಲಕ ಮೊದಲು ಹೊರಕ್ಕೆ ಎಳೆದಾಗ ಒಳಗಡೆ ಸಂದಿಯೊಂದು ತೆರೆದುಕೊಳ್ಳುತ್ತದೆ. ಸೈಕಲ್ ನುಗ್ಗುವುದು ಅಲ್ಲಿಗೇ. ಮರುಕ್ಷಣ ಸಂದಿ ಮುಚ್ಚುತ್ತದೆ. ಕನ್ನಡಿಯಲ್ಲಿ ಚಾಲಕನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುವುದಿಲ್ಲ. ಇಂಡಿಕೇಟರ್ ಹಾಕಿದ ಬಸ್ಸಿನ ಹಿಂದೆಯೇ ನಿಲ್ಲಿ.

ಇನ್ನು ಚಾಲಕರು. 3 ಮೀಟರಿನ ಲೇನಿನಲ್ಲಿ ಸೈಕಲ್ಲಿಗೆ ಒಂದೂವರೆ ಮೀಟರ್ ಬಿಟ್ಟು ಹಿಂದಿಕ್ಕಲಾಗದು, ಲೇನ್ ಬದಲಿಸಲೇಬೇಕು. ನಿಲ್ದಾಣ ಐವತ್ತು ಹೆಜ್ಜೆ ದೂರವಿರುವಾಗ ಹಿಂದಿಕ್ಕಿ ಅಡ್ಡ ನಿಲ್ಲಿಸುವುದೇಕೆ? ಟೈಮಿಂಗ್ ಬಿಗಿ ಎನ್ನುವುದು ನಿಜ. ಅದನ್ನು ಸಡಿಲಿಸಬೇಕಾದವರು ಡಿಪೊದಲ್ಲಿದ್ದಾರೆ.

–ಒಬ್ಬ ಓದುಗ