ಹಳದಿ ಹೂವು ಮತ್ತು ಪುಟ್ಟನ ಬಾಯಿ

ಪ್ರೀತಿಯ ಕೂಸೇ,

ಭಾನುವಾರ ನೀನು ಸಿಟ್ಟಿನಲ್ಲಿ ಫೋನ್ ಇಟ್ಟ ಮೇಲೆ ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದು ತೋಟಕ್ಕೆ ಇಳಿದರು. ಮೆಸೇಜಿನಲ್ಲಿ ಇಷ್ಟೆಲ್ಲ ಬರೆಯಲು ನನಗೆ ಬರುವುದಿಲ್ಲ. ಅದಕ್ಕೇ ಈ ಕಾಗದ. ತಮ್ಮನ ಹತ್ತಿರ ಫೋಟೋ ತೆಗೆಸಿ ಕಳಿಸುತ್ತೇನೆ.

ಅಳಿಯನ ಎದುರು ಹಾಗೆ ಕೂಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅವನು ಪ್ರೀತಿಯಿಂದ ತಂದ ಹೂವು. ನೀನು ಒಂದೊಂದೇ ಎತ್ತಿ ತೋರಿಸುತ್ತಿದ್ದೆ. ಕೆಂಪು ಟ್ಯುಲಿಪ್ ಅಂದರೆ ಪ್ರೀತಿ, ಹಳದಿ ಡ್ಯಾಫೊಡಿಲ್ ಅಂದರೆ ಹೊಸ ಆರಂಭ, ನೀಲಿ ಹಯಸಿಂತ್ ಅಂದರೆ ನಿಷ್ಠೆ. ಕೇಳಲು ಚಂದವೇ ಇತ್ತು. ಅಷ್ಟರಲ್ಲಿ ನಿನ್ನ ಹಿಂದೆ ಮೇಜಿನ ಕಾಲು ಹಿಡಿದು ಪುಟ್ಟ ಎದ್ದ. ಹಳದಿ ಎಸಳು ಕಿತ್ತು ಬಾಯಿಗೆ ಹಾಕಿಕೊಂಡ. ಆಮೇಲೆ ನಾನು ಏನು ಕೂಗಿದೆ ಅಂತ ನನಗೇ ಗೊತ್ತಿಲ್ಲ. ನೀನು ಹೇಳಿದ್ದು ಮಾತ್ರ ಗೊತ್ತು: "ಆಯಿ, ನಿನಗೆ ಎಲ್ಲದರಲ್ಲೂ ವಿಷವೇ ಕಾಣುತ್ತದೆ."

ಕಣಗಿಲೆಯ ವಿಷಯ ನಿನಗೆ ಯಾರೂ ಹೇಳಿಲ್ಲ. ನಿನಗೆ ಆಗ ಮೂರು ತುಂಬಿರಲಿಲ್ಲ. ಬಾವಿಕಟ್ಟೆಯ ಪಕ್ಕದಲ್ಲಿ ಹಳದಿ ಕಣಗಿಲೆ ಗಿಡ ಇತ್ತು. ಅಜ್ಜ ದಿನಾ ಬೆಳಿಗ್ಗೆ ಅದರ ಹೂ ಕೊಯ್ದು ಈಶ್ವರನಿಗೆ ಏರಿಸುತ್ತಿದ್ದರು. ದೇವರ ಹೂವು, ಹಾಗಾಗಿ ಆ ಗಿಡದ ಮೇಲೆ ಮನೆಯವರಿಗೆಲ್ಲ ಒಂದು ಗೌರವ. ಕೆಳಗೆ ಬಿದ್ದ ಹಸಿರು ಕಾಯಿ ಹೆಕ್ಕಿ ನೀನು ಅಂಗಳದಲ್ಲಿ ಆಡುತ್ತಿದ್ದೆ. ಆ ಸಂಜೆ ನಾನು ಜಗಲಿಯಲ್ಲಿ ಸುರಗಿ ಪೋಣಿಸುತ್ತಿದ್ದೆ. ನೀನು ಬಂದು ಸುಮ್ನೆ ತೊಡೆಯ ಮೇಲೆ ಮಲಗಿದೆ. ತುಟಿಯ ಬದಿಗೆ ಬಿಳಿ ಹಾಲು ಅಂಟಿತ್ತು. ಆಮೇಲೆ ವಾಂತಿ. ಮತ್ತೆ ವಾಂತಿ. ಮುಷ್ಟಿ ಬಿಡಿಸಿ ನೋಡಿದರೆ ಕಚ್ಚಿದ ಕಾಯಿ.

ಪಕ್ಕದ ಮನೆಯ ಜೀಪಿನಲ್ಲಿ ಶಿರಸಿಗೆ ಒಯ್ದೆವು. ಇದು ಹೃದಯಕ್ಕೇ ಹೊಡೆಯುವ ವಿಷ, ಬಡಿತ ನಿಧಾನ ಆಗುತ್ತದೆ, ತಪ್ಪುತ್ತದೆ, ಬೆಳಗಿನವರೆಗೂ ಏನೂ ಹೇಳಲು ಆಗುವುದಿಲ್ಲ ಅಂದರು ಡಾಕ್ಟರು. ಎದೆಗೆ ಮಷಿನ್ ಹಚ್ಚಿದ್ದರು. ಆದರೂ ಅಪ್ಪ ನಿನ್ನ ಮಣಿಕಟ್ಟಿನ ಮೇಲಿಟ್ಟ ಬೆರಳು ತೆಗೆಯಲೇ ಇಲ್ಲ. ಆ ಕೈ ಎಷ್ಟು ಸಣ್ಣದು ಅಂದರೆ ಅವರ ಎರಡು ಬೆರಳಿಗೆ ಅಲ್ಲಿ ಜಾಗ ಸಾಲುತ್ತಿರಲಿಲ್ಲ. ನಾನು ಅವರ ಮುಖ ನೋಡುತ್ತಾ ಕೂತಿದ್ದೆ. ಅವರ ಹುಬ್ಬು ಗಂಟಾದಾಗಲೆಲ್ಲ ನನಗೆ ಉಸಿರು ನಿಲ್ಲುತ್ತಿತ್ತು.

ಇರಲಿ. ನೀನು ಉಳಿದೆ. ಈಗ ನೆದರ್‌ಲ್ಯಾಂಡ್ಸಿನ ಆಲ್ಸ್‌ಮೀರ್‌ನ ಹೂವಿನ ಹರಾಜಿನಲ್ಲಿ ಕೆಲಸ ಮಾಡುತ್ತೀಯ. ನಾನು ಅದನ್ನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿ ಗಡಿಯಾರದಂಥ ಫಲಕದಲ್ಲಿ ದರ ಮೇಲಿನಿಂದ ಕೆಳಗೆ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು ಅಂತ ನೀನು ಹೇಳಿದ್ದನ್ನು ಅಪ್ಪ ಅಡಿಕೆ ಟೆಂಡರಿಗೆ ಹೋದಾಗ ಸೊಸೈಟಿಯವರಿಗೆಲ್ಲ ವಿವರಿಸಿ ಬಂದಿದ್ದಾರೆ. ಹೂವಿನ ಊರಿನಲ್ಲೇ ಇರುವವಳಿಗೆ ನಾನು ಹೂವಿನ ಪಾಠ ಹೇಳುವುದು ಸರಿಯಲ್ಲ ಅಂತ ಗೊತ್ತು. ಆದರೂ ಕೇಳು.

ನಿನ್ನ ಜೊತೆ ಮಾತು ನಿಂತ ಮೇಲೆ ಓದುತ್ತಾ ಕೂತೆ. ಡ್ಯಾಫೊಡಿಲ್ ಚಳಿ ಮುಗಿಯುವ ಹೊತ್ತಿಗೇ ಏಳುತ್ತದೆ, ಅದಕ್ಕೇ ಹೊಸ ಆರಂಭದ ಹೂವು. ವೇಲ್ಸಿನವರು ಮಾರ್ಚ್ 1ರಂದು ಅದನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರಂತೆ. ಎಲ್ಲ ಸರಿ. ಅದರ ಗಡ್ಡೆ ಥೇಟ್ ಈರುಳ್ಳಿ. ತಿಳಿಯದೆ ಅಡುಗೆಗೆ ಹಾಕಿ ಹೊಟ್ಟೆ ಕೆಡಿಸಿಕೊಂಡವರಿದ್ದಾರೆ. ಇಲಿಯೂ ಅದನ್ನು ಮುಟ್ಟುವುದಿಲ್ಲ. ಕತ್ತರಿಸಿದ ದಂಟಿನಿಂದ ಲೋಳೆ ಇಳಿಯುತ್ತದೆ, ಅದೇ ನೀರಲ್ಲಿಟ್ಟ ಟ್ಯುಲಿಪ್ ಬೇಗ ಬಾಡುತ್ತದೆ. ನೀನು ಎಲ್ಲವನ್ನೂ ಒಂದೇ ಹೂದಾನಿಯಲ್ಲಿ ಇಟ್ಟಿದ್ದೆ, ಅಲ್ವಾ?

ಟ್ಯುಲಿಪ್ಪಿನ ಕಥೆಯೂ ಹಾಗೇ. ಬಂದದ್ದು ಮಧ್ಯ ಏಷ್ಯಾದ ಕಡೆಯಿಂದ, ತುರ್ಕಿಯ ಸುಲ್ತಾನರ ತೋಟ ದಾಟಿ. ಪರ್ಷಿಯಾದವರು ಅದರ ಕೆಂಪಿನಲ್ಲಿ ಪ್ರೇಮಿಯ ರಕ್ತ ಕಂಡರು. ಡಚ್ಚರು ದುಡ್ಡು ಕಂಡರು, 1637ರಲ್ಲಿ ಒಮ್ಮೆಲೇ ದರ ಬಿದ್ದುಹೋಯಿತು. ಗೆರೆ ಗೆರೆಯ ಎಸಳಿಗೆ ಆಗ ಎಲ್ಲಕ್ಕಿಂತ ಜಾಸ್ತಿ ಬೆಲೆ. ಆ ಗೆರೆ ಬಂದದ್ದು ಗಿಡಕ್ಕೆ ತಗುಲಿದ ವೈರಸ್ಸಿನಿಂದ. 1944ರ ಚಳಿಗಾಲದಲ್ಲಿ, ಯುದ್ಧದ ಹೊತ್ತಿಗೆ, ಅದೇ ಡಚ್ಚರು ಹಸಿವು ತಾಳಲಾರದೆ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು. ಆ ತಾಯಂದಿರು ಮಕ್ಕಳ ತಟ್ಟೆಗೆ ಅದನ್ನು ಹೇಗೆ ಬಡಿಸಿದರೋ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಇನ್ನೊಂದು ಹೂವು. ಲಿಲಿ ಆಫ್ ದಿ ವ್ಯಾಲಿ. ಸಣ್ಣ ಬಿಳಿ ಗಂಟೆಗಳ ಗೊಂಚಲು. ಫ್ರಾನ್ಸಿನಲ್ಲಿ ಮೇ 1ರಂದು ಒಳ್ಳೆಯದಾಗಲಿ ಅಂತ ಒಬ್ಬರಿಗೊಬ್ಬರು ಕೊಡುತ್ತಾರೆ. ಅದರ ಎಲೆ, ಹೂ, ಕೆಂಪು ಹಣ್ಣು, ಹೂದಾನಿಯ ನೀರು ಕೂಡ ವಿಷ. ಅದೂ ಹೃದಯಕ್ಕೇ. ನಮ್ಮ ಕಣಗಿಲೆಯದೇ ಜಾತಿಯ ವಿಷ, ಕೂಸೇ. ಓದುತ್ತಿದ್ದಂತೆ ಅಪ್ಪನ ಆ ಎರಡು ಬೆರಳು ಕಣ್ಣ ಮುಂದೆ ಬಂತು. ನಿಮ್ಮ ಕಟ್ಟಡದ ಹಿಂದೆ, ನೆರಳಿನಲ್ಲಿ, ಅದು ಬೆಳೆದಿದೆಯೋ ನೋಡು. ಇದೊಂದನ್ನು ನನಗಾಗಿ ಮಾಡು.

ನಾವೂ ಹೂವಿಗೆ ಅರ್ಥ ಕಟ್ಟುವವರೇ. ಅಡಿಕೆಯ ಹಿಂಗಾರವಿಲ್ಲದೆ ನಾಗನ ಪೂಜೆ ಉಂಟೇ? ಮುತ್ತುಗ ಕೆಂಪಾಯಿತು ಅಂದರೆ ಹೋಳಿ ಬಂತು. ನಿನ್ನ ಇರಾನಿ ಗೆಳತಿ ಹೊಸ ವರ್ಷಕ್ಕೆ ಹಯಸಿಂತಿನ ಜೊತೆ ಬೆಳ್ಳುಳ್ಳಿ, ವಿನೆಗರ್ ಇಡುತ್ತಾಳೆ ಅಂದಾಗ ನನಗೆ ನಮ್ಮ ಯುಗಾದಿಯೇ ಅನಿಸಿತು. ಬೇವಿನ ಹೂ ನನಗೆ ಇಷ್ಟ ಆಗುವುದು ಅದಕ್ಕೇ. ಕಹಿ ಅಂತ ಹೇಳಿಯೇ ಕೊಡುತ್ತೇವೆ, ಬಾಯಿಗಿಟ್ಟರೆ ಕಹಿಯೇ. ಉಳಿದ ಹೂವುಗಳ ಅರ್ಥ ಮಗುವಿಗೆ ಹೇಳಿಕೊಡುವಾಗ ಅವುಗಳ ಗುಣವನ್ನೂ ಹೇಳಿಕೊಡು. ಹೂವು ಅಂದರೆ ದೇವರು, ಪ್ರೀತಿ, ಅದೃಷ್ಟ ಅಂತ ಮಾತ್ರ ಹೇಳಿದರೆ ಮಗು ಬಾಯಿಗೆ ಹಾಕಿಕೊಳ್ಳದೆ ಇನ್ನೇನು ಮಾಡುತ್ತದೆ?

ಬೈಯುತ್ತಿಲ್ಲ. ನೀನು ನನಗಿಂತ ಒಳ್ಳೆಯ ಆಯಿ ಆಗಿದ್ದೀಯ. ಪುಟ್ಟ ಬಿದ್ದಾಗ ಓಡಿ ಎತ್ತದೆ, ಅವನೇ ಏಳಲಿ ಅಂತ ಕಾಯುತ್ತೀಯಲ್ಲ, ಆ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಆಸ್ಪತ್ರೆಯಿಂದ ನಿನ್ನನ್ನು ಕರೆದುಕೊಂಡು ಬಂದ ಮಧ್ಯಾಹ್ನ ಅಪ್ಪ ಊಟಕ್ಕೂ ಕೂರಲಿಲ್ಲ. ಪಿಕಾಸಿ ತೆಗೆದುಕೊಂಡು ಕಣಗಿಲೆಯನ್ನು ಬೇರು ಸಮೇತ ಕಿತ್ತರು. ದೇವರ ಹೂವಿನ ಗಿಡ. ಅಜ್ಜ ಜಗಲಿಯಲ್ಲಿ ಕೂತು ನೋಡಿದರು, ಬೇಡ ಅನ್ನಲಿಲ್ಲ. ಮರುದಿನದಿಂದ ಈಶ್ವರನಿಗೆ ದಾಸವಾಳ. ಗಿಡ ಎಲ್ಲಿ ಅಂತ ನೀನು ಕೇಳಿದಾಗ ಒಣಗಿಹೋಯಿತು ಅಂದೆವು. ಇದನ್ನು ನಾನು ಬರೆದೆ ಅಂತ ಅಪ್ಪನಿಗೆ ಹೇಳಬೇಡ. ಆ ರಾತ್ರಿಯ ಮಾತು ಬಂದರೆ ಅವರು ಈಗಲೂ ಎದ್ದು ಹೋಗುತ್ತಾರೆ.

ಸುರಗಿ ಬಿಡಲು ಶುರುವಾಗಿದೆ. ನಿನ್ನ ಪಾಲಿನ ಸರ ಒಣಗಿಸಿ ಸೀರೆಗಳ ನಡುವೆ ಇಡುತ್ತೇನೆ. ಬರುವಾಗ ತಡವಾದರೂ ಪರಿಮಳ ಹೋಗುವುದಿಲ್ಲ.

ಹಿತ್ತಲಲ್ಲಿ ನೆಡಲು ಗಡ್ಡೆ ತಂದರೆ ಈರುಳ್ಳಿ ಬುಟ್ಟಿಯ ಹತ್ತಿರ ಇಡಬೇಡ. ಮುಟ್ಟಿದ ಮೇಲೆ ಕೈ ತೊಳೆದೇ ಪುಟ್ಟನನ್ನು ಎತ್ತಿಕೋ. ಅಳಿಯನಿಗೆ ಹೇಳು, ಹೂ ಬಹಳ ಚಂದ ಇತ್ತು. ಮುಂದಿನ ಸಲ ಟ್ಯುಲಿಪ್ ಮಾತ್ರ ತರಲಿ. ಅದನ್ನೂ ಕಪಾಟಿನ ಮೇಲೇ ಇಡು.

ನಿನ್ನ ಆಯಿ